‘ಆಪ್ತಮಿತ್ರ’ವೂ ನಮ್ಮ ಜಗಲಿಯ ಪ್ರೇಕ್ಷಕರೂ

ಜನರ ರುಚಿಯು ಬೇರೆಬೇರೆಯೆಂಬುದು ಕಾಳಿದಾಸನ ಕಾಲದಿಂದಲೂ ನಡೆದುಬಂದ ಮಾತು. ಊಟದ ಎಲೆಯ ಮುಂದೆ ಇದು ದಿನವೂ ಸಿದ್ಧಪಡುತ್ತದೆ. ಆಟಿ ತಿಂಗಳಿನ ಪತ್ರೊಡೆಯು ಒಬ್ಬರಿಗೆ ಅಮೃತವಾದರೆ ಇನ್ನೊಬ್ಬರಿಗೆ ಗಂಟಲ ತುರಿಕೆಯ ನೆನಪು. ಆದರೆ ಹೆದರಿಕೆಯಲ್ಲಿಯೂ ಇಂತಹ ಭೇದವುಂಟು, ಒಂದೇ ಚಿತ್ರವನ್ನು ಒಂದೇ ಚಾಪೆಯ ಮೇಲೆ ಕುಳಿತು ನೋಡಿದ ಐದಾರು ಮಂದಿ ಐದಾರು ಬೇರೆ ಸಂಗತಿಗಳಿಗೆ ಹೆದರಬಲ್ಲರು ಎಂಬುದು ನಮಗೆ ಮನದಟ್ಟಾದದ್ದು ಕಳೆದ ಮಳೆಗಾಲದಲ್ಲಿ. ಆ ಸಂಜೆಯ ವೃತ್ತಾಂತವನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿದ್ದರಿಂದ ಈ ಲೇಖನ.

ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯಲ್ಲಿ ನಮ್ಮ ಸವಣೂರು ಇರುವುದು. ಆಟಿಯ ಮಳೆಯೆಂದರೆ ಇಲ್ಲಿ ತೋಟದ ಕೆಲಸವೆಲ್ಲ ನಿಂತು, ಕುಮಾರಧಾರೆ ಕೆಂಪಾಗಿ ಹರಿದು, ಮನೆಮಂದಿಯೆಲ್ಲ ಜಗಲಿಗೆ ಸೇರುವ ಕಾಲ. ಅಂತಹ ಒಂದು ಸಂಜೆ ಟೀವಿಯಲ್ಲಿ ‘ಆಪ್ತಮಿತ್ರ’ ಚಿತ್ರವು ಬರುತ್ತದೆಂದು ನಮ್ಮ ತಮ್ಮನ ಮಗಳು ಸಾರಿದಳು. ಅವಳು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದುವವಳು. ಕಾಸರಗೋಡಿನ ಕಡೆಯಿಂದ ಬಂದಿದ್ದ ನಮ್ಮ ಭಾವನವರು, ನೆರೆಮನೆಯ ಹಿರಿಯರೊಬ್ಬರು, ಅವರ ಮೊಮ್ಮಗನಾದ ಒಬ್ಬ ತರುಣ, ಮಳೆಗೆ ಸಿಕ್ಕಿ ನಮ್ಮಲ್ಲಿ ತಂಗಿದ ಆಶಾ ಕಾರ್ಯಕರ್ತೆಯಾದ ಒಬ್ಬ ಹೆಣ್ಣುಮಗಳು, ಇಷ್ಟು ಜನ ಕೂಡಿದರು. ನಮ್ಮ ದೊಡ್ಡಮ್ಮನ ಮಗಳಾದ ಅಕ್ಕನು ಎಂದಿನಂತೆ ಅಡಿಗೆಮನೆಯ ಬಾಗಿಲಲ್ಲಿ, ಗೋಡೆಗೆ ಒರಗಿ, ಒಬ್ಬಳೇ ಕುಳಿತಳು.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ರಮೇಶ ಮತ್ತು ಗಂಗಾ ಎಂಬ ಎಳೆಯ ದಂಪತಿಗಳು ಮೈಸೂರಿನ ಸೀಮೆಯ ಒಂದು ಹಳೆಯ ಅರಮನೆಯನ್ನು ಕೊಂಡು ಅಲ್ಲಿ ವಾಸಕ್ಕೆ ಬರುತ್ತಾರೆ. ಅಲ್ಲಿ ಬೀಗ ಹಾಕಿದ ಒಂದು ಕೋಣೆಯುಂಟು. ಹಿಂದೆ ಅಲ್ಲಿಯ ರಾಜನು ನಾಗವಲ್ಲಿಯೆಂಬ ತೆಲುಗು ನರ್ತಕಿಯನ್ನು ತಂದಿರಿಸಿಕೊಂಡು, ಅವಳು ಬೇರೊಬ್ಬ ನರ್ತಕನಲ್ಲಿ ಅನುರಕ್ತಳೆಂದು ತಿಳಿದು ಅವನನ್ನು ಕೊಂದು, ದುರ್ಗಾಷ್ಟಮಿಯ ದಿನ ಅವಳನ್ನು ಜೀವಸಹಿತ ಸುಡಿಸಿದನೆಂದು ಐತಿಹ್ಯ. ಗಂಗೆಯು ಆ ಕೋಣೆಯನ್ನು ತೆರೆಯಿಸುತ್ತಾಳೆ. ಅಲ್ಲಿಂದ ಮನೆಯಲ್ಲಿ ಉತ್ಪಾತಗಳು ಪ್ರಾರಂಭವಾಗುತ್ತವೆ. ರಮೇಶನ ಗೆಳೆಯನೂ ಮನೋವೈದ್ಯನೂ ಆದ ವಿಜಯನು ಬಂದು, ಉತ್ಪಾತಕ್ಕೆ ಕಾರಣ ಪ್ರೇತವಲ್ಲ, ತನ್ನನ್ನೇ ನಾಗವಲ್ಲಿಯೆಂದು ಭಾವಿಸಿರುವ ಗಂಗೆಯ ಮನಸ್ಸಿನ ವ್ಯಾಧಿ ಎಂದು ಕಂಡುಹಿಡಿಯುತ್ತಾನೆ. ಕಡೆಗೆ ರಾಮಚಂದ್ರಾಚಾರ್ಯರೆಂಬ ಮಂತ್ರಜ್ಞರನ್ನೂ ಕೂಡಿಸಿಕೊಂಡು, ನಾಗವಲ್ಲಿಯು ತನ್ನ ಸೇಡನ್ನು ತೀರಿಸಿಕೊಂಡಂತೆ ಅವಳಿಗೆ ತೋರುವ ಒಂದು ಕಪಟನಾಟಕವನ್ನು ಹೂಡಿ ಅವಳನ್ನು ಗುಣಪಡಿಸುತ್ತಾನೆ. ದ್ವಾರಕೀಶರು ನಿರ್ಮಿಸಿ ಪಿ. ವಾಸು ಅವರು ನಿರ್ದೇಶಿಸಿದ ಈ ಚಿತ್ರವು 2004ನೆಯ ಆಗಸ್ಟಿನಲ್ಲಿ ತೆರೆಗೆ ಬಂದಿತು. ವಿಷ್ಣುವರ್ಧನರು ವೈದ್ಯ, ರಮೇಶ್ ಅರವಿಂದರು ಗಂಡ, ಅವಿನಾಶರು ಆಚಾರ್ಯ, ಸೌಂದರ್ಯ ಅವರು ಗಂಗೆ. ಸಂಗೀತವು ನಮ್ಮ ಕರಾವಳಿಯವರೇ ಆದ ಗುರುಕಿರಣರದು.

ಚಿತ್ರವು ಮುಗಿದಾಗ ರಾತ್ರಿ ಹತ್ತು ಕಳೆದಿತ್ತು. ಅದರ ನಡುವೆ ಎರಡು ಸಲ ವಿದ್ಯುತ್ತು ಹೋಗಿ, ಕತ್ತಲೆಯಲ್ಲಿ ಅಡಕೆ ಮರಗಳು ಗಾಳಿಗೆ ಕಿರುಗುಟ್ಟಿದ್ದು ನಿರ್ದೇಶಕರ ಖರ್ಚಿಲ್ಲದೆ ಒದಗಿದ ಉಪಕಾರ. ಅನಂತರ ಚರ್ಚೆಯು ಹತ್ತಿಕೊಂಡಿತು.

ಮೊದಲು ಮಾತೆತ್ತಿದವಳು ತಮ್ಮನ ಮಗಳು. “ದೊಡ್ಡಪ್ಪ, ಇದರಲ್ಲಿ ಹೆದರುವಂಥದ್ದು ಏನುಂಟು? ಭೂತವೇ ಇಲ್ಲ, ಎಲ್ಲ ಕಾಯಿಲೆ ಎಂದು ಅವರೇ ಹೇಳಿದರಲ್ಲ? ಹಾಗಿದ್ದರೆ ನಡುನಡುವೆ ಆ ಸರ್ಪ ಯಾಕೆ? ಕಾಯಿಲೆ ಎಂದಾದರೆ ಕಾಯಿಲೆ, ಭೂತ ಎಂದಾದರೆ ಭೂತ, ಎರಡನ್ನೂ ಒಂದೇ ಬಾಣಲೆಯಲ್ಲಿ ಹುರಿದದ್ದು ನನಗೆ ಸರಿಕಾಣಲಿಲ್ಲ” ಎಂದಳು. ಈ ಆಕ್ಷೇಪಣೆಯು ತಳ್ಳಿಹಾಕತಕ್ಕದ್ದಲ್ಲ. ಅರಮನೆಯಲ್ಲಿ ಸಂಚರಿಸುವ ಆ ದೊಡ್ಡ ಸರ್ಪಕ್ಕೆ ವೈದ್ಯನು ಯಾವ ಸಮಾಧಾನವನ್ನೂ ಹೇಳುವುದಿಲ್ಲ. ಕಾರಣವನ್ನು ಬಯಸುವ ಬುದ್ಧಿಗೆ ಅದು ಮುಳ್ಳಿನಂತೆ ಚುಚ್ಚುವುದು ಸಹಜ.

ಭಾವನವರ ದೂರು ಬೇರೆಯ ತರಹದ್ದು. ಕಾಸರಗೋಡಿನ ಕನ್ನಡಿಗರಿಗೆ ಮಲೆಯಾಳವು ಎರಡನೆಯ ಮನೆಮಾತು. ಈ ಕಥೆಯ ಮೂಲವಾದ ‘ಮಣಿಚ್ಚಿತ್ರತ್ತಾಳ್’ ಎಂಬ ಮಲೆಯಾಳ ಚಿತ್ರವನ್ನು ಅವರು 1993ರಲ್ಲಿ ಅದು ಹೊರಬಂದ ಹೊಸತರಲ್ಲಿಯೇ ನೋಡಿದವರು. ಮಧು ಮುಟ್ಟಂ ಅವರು ಬರೆದು ಫಾಜಿಲರು ನಿರ್ದೇಶಿಸಿದ ಆ ಚಿತ್ರದಲ್ಲಿ ಗಂಗೆಯಾಗಿ ನಟಿಸಿದ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಅದೇ ಕಥೆಯು ಕನ್ನಡದ ತರುವಾಯ 2005ರಲ್ಲಿ ತಮಿಳಿನಲ್ಲಿ ‘ಚಂದ್ರಮುಖಿ’ಯಾಗಿ, 2007ರಲ್ಲಿ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ಆಗಿ ಸಂಚರಿಸಿತು. “ಭಾವ, ಅಲ್ಲಿ ವೈದ್ಯನು ಕಥೆ ಅರ್ಧ ಆಗುವ ಹೊತ್ತಿಗೆ ಬರುವುದು. ಅಷ್ಟರವರೆಗೆ ಮನೆಯೊಳಗಿನ ಹಾಸ್ಯ, ಮನೆಯೊಳಗಿನ ಮಾತು. ಹೆದರಿಕೆಯು ಹಿಂಬಾಗಿಲಿನಿಂದ ಮೆಲ್ಲನೆ ಒಳಗೆ ಬರುತ್ತದೆ. ಇಲ್ಲಿ ನಾಯಕನ ಮಹಿಮೆಗೇ ಹೊತ್ತು ಹೋಯಿತು” ಎಂಬುದು ಅವರ ತೀರ್ಮಾನ. ಆದರೆ ಮೂಲದಲ್ಲಿ ತಮಿಳು ನರ್ತಕಿಯಾಗಿದ್ದವಳನ್ನು ಕನ್ನಡದಲ್ಲಿ ತೆಲುಗಿನವಳನ್ನಾಗಿ ಮಾಡಿ, ಅವಳ ಹಾಡನ್ನು ತೆಲುಗಿನಲ್ಲಿಯೇ ಇರಿಸಿದ್ದು ಚೆನ್ನಾಯಿತೆಂದು ಅವರೂ ಒಪ್ಪಿದರು. ಮನೆಯ ಸೊಸೆಯ ಬಾಯಿಂದ ಮನೆಯವರಿಗೆ ತಿಳಿಯದ ಭಾಷೆಯೊಂದು ಹೊರಡುವುದೇ ಭಯಕ್ಕೆ ಸಾಕಷ್ಟು ಕಾರಣವಲ್ಲವೆ?

ನೆರೆಮನೆಯ ಹಿರಿಯರು ದೈವದ ಚಾಕರಿಯಲ್ಲಿ ಬಾಳು ಸವೆಸಿದವರು. ಅವರು ತುಳುವಿನಲ್ಲಿ ಹೇಳಿದ್ದರ ತಾತ್ಪರ್ಯವಿಷ್ಟು: “ಮಾಸ್ಟ್ರೇ, ಆ ಹೆಣ್ಣು ಸುಮ್ಮನೆ ಕಾಟ ಕೊಡುವುದಲ್ಲ. ಅವಳಿಗೆ ಅನ್ಯಾಯವಾಗಿದೆ, ಅದನ್ನು ಯಾರೂ ಕೇಳಲಿಲ್ಲ. ಕೋಣೆಗೆ ಬೀಗ ಹಾಕಿದರು, ಅಷ್ಟೆ. ನಮ್ಮ ಸೀಮೆಯಲ್ಲಾಗಿದ್ದರೆ ಅವಳಿಗೊಂದು ಸ್ಥಾನ ಕಟ್ಟಿ, ವರ್ಷಕ್ಕೊಂದು ನೇಮ ಕೊಟ್ಟು, ಅವಳ ಕಥೆಯನ್ನು ಪಾಡ್ದನದಲ್ಲಿ ಹಾಡಿಸುತ್ತಿದ್ದರು. ಆಮೇಲೆ ಅವಳೇ ಊರನ್ನು ಕಾಯುತ್ತಿದ್ದಳು.” ಈ ಮಾತನ್ನು ಕೇಳಿ ನಾವು ಬೆರಗಾದೆವು. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡನ ಕೈಕಾಲುಗಳನ್ನು ಅರಸನು ಕಡಿಸಿದನೆಂದೂ, ಅವನ ತಂಗಿ ಕಲ್ಲುರ್ಟಿಯು ಆ ಅನ್ಯಾಯಕ್ಕೆ ಸೇಡು ತೀರಿಸಿದಳೆಂದೂ, ಅಣ್ಣತಂಗಿಯರಿಬ್ಬರೂ ದೈವಗಳಾದರೆಂದೂ ತುಳುನಾಡಿನ ಪಾಡ್ದನಗಳು ಸಾರುತ್ತವೆ. ಅರಸನಿಂದ ನೊಂದವರನ್ನು ಬೀಗದೊಳಗಿಡದೆ ಗುಡಿಯೊಳಗಿಟ್ಟ ನಾಡಿನ ಪ್ರೇಕ್ಷಕನಿಗೆ ನಾಗವಲ್ಲಿಯಲ್ಲಿ ಭಯಕ್ಕಿಂತ ಕನಿಕರವೇ ಹೆಚ್ಚಾಗಿ ಹುಟ್ಟಿದ್ದರಲ್ಲಿ ಆಶ್ಚರ್ಯವೇನು? ಪಟ್ಟಣದವರು ಭೂತವೆಂದೊಡನೆ ಬೆಚ್ಚುವರು. ನಮ್ಮವರಿಗೆ ಭೂತವೆಂದರೆ ಮನೆತನದ ಹಿರಿಯರೊಡನೆ ಮಾತನಾಡುವ ನ್ಯಾಯಾಧಿಪತಿ.

ಅವರ ಮೊಮ್ಮಗನು ಮಾತ್ರ ನಿಜವಾಗಿ ಹೆದರಿದ್ದನು. ಅವನ ಭಯಕ್ಕೆ ಕಾರಣವು ಚಿತ್ರದ ಒಳಗಿರಲಿಲ್ಲ, ಹೊರಗಿತ್ತು. ಸೌಂದರ್ಯ ಅವರು 2004ನೆಯ ಏಪ್ರಿಲ್ 17ರಂದು ಬೆಂಗಳೂರಿನ ಹತ್ತಿರ ವಿಮಾನದ ಅಪಘಾತದಲ್ಲಿ ತೀರಿಕೊಂಡರು. ಚಿತ್ರವು ಬಂದದ್ದು ಅದಾದ ನಾಲ್ಕು ತಿಂಗಳಿಗೆ. ಮುಂದೆ ಇದೇ ಕಥೆಯ ಉತ್ತರಭಾಗದಂತಿರುವ ‘ಆಪ್ತರಕ್ಷಕ’ವು 2010ರಲ್ಲಿ ಬರುವ ಮೊದಲೇ, 2009ನೆಯ ಡಿಸೆಂಬರ್ 30ರಂದು ವಿಷ್ಣುವರ್ಧನರು ಹೃದಯಾಘಾತದಿಂದ ಕಾಲವಾದರು. “ಇದು ನಾಗವಲ್ಲಿಯ ಕಣ್ಣು ಎಂದು ಎಲ್ಲರೂ ಹೇಳುತ್ತಾರೆ, ಮಾಸ್ಟ್ರೇ” ಎಂದನು ಆ ಹುಡುಗ. ಕಾಗೆ ಕುಳಿತಿತು, ತಾಳೆಯ ಹಣ್ಣು ಬಿದ್ದಿತು. ಕಾಗೆಯಿಂದಲೇ ಬಿದ್ದಿತೆಂದು ಹೇಳುವುದನ್ನು ಶಾಸ್ತ್ರಕಾರರು ಕಾಕತಾಲೀಯ ನ್ಯಾಯವೆನ್ನುತ್ತಾರೆಂದು ಅವನಿಗೆ ತಿಳಿಯಹೇಳಿದೆವು. ಅದೇ ಕಥೆಯನ್ನು ಮಲೆಯಾಳದಲ್ಲಿಯೂ ತಮಿಳಿನಲ್ಲಿಯೂ ಆಡಿದ ನಟಿಯರು ಬಹುಕಾಲ ಬಾಳುತ್ತಿರುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಲಾವಿದರ ಮರಣವನ್ನು ಕಥೆಯ ಬಾಲಕ್ಕೆ ಕಟ್ಟುವುದು ಅವರಿಗೆ ನಾವು ಮಾಡುವ ಗೌರವವೂ ಅಲ್ಲ.

ಮಾತು ಇಷ್ಟಕ್ಕೆ ಬಂದಾಗ, ಮೂವತ್ತು ವರ್ಷಕ್ಕೂ ಮೇಲೆ ಸಂಸ್ಕೃತ ಪಾಠ ಮಾಡಿದ ನಮ್ಮ ನಾಲಗೆಯು ಸುಮ್ಮನಿರಲಿಲ್ಲ. ಭರತಮುನಿಯು ಎಂಟು ರಸಗಳಲ್ಲಿ ಭಯಾನಕವನ್ನೂ ಒಂದಾಗಿ ಎಣಿಸಿದ್ದಾನೆ. ಕಾಶ್ಮೀರದ ಅಭಿನವಗುಪ್ತಾಚಾರ್ಯನು ಅದಕ್ಕೆ ಉದಾಹರಣೆಯಾಗಿ ಎತ್ತಿಕೊಂಡದ್ದು ಪಿಶಾಚಿಯನ್ನಲ್ಲ, ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು. ಆ ಜಿಂಕೆಯ ಭಯವು ನಮ್ಮದೂ ಅಲ್ಲ, ಇಂಥವರದೆಂದೂ ಅಲ್ಲ; ಭಯವೆಂಬುದೇ ಮೂರ್ತಿವೆತ್ತು ಕಣ್ಣೆದುರು ಕುಣಿಯುವಂತೆ ತೋರುವುದು. ಹಾಗೆ ತೋರಿದಾಗಲೇ ಅದು ರಸ. ಅದು ಹಾಗೆ ತೋರದಂತೆ ಅಡ್ಡಬರುವ ಏಳು ವಿಘ್ನಗಳನ್ನು ಆಚಾರ್ಯನು ಹೇಳುತ್ತಾನೆ. “ಇದು ನಡೆಯಲಾರದು” ಎಂಬ ಅಪನಂಬಿಕೆಯು ಮೊದಲನೆಯದು. ಅದು ನಮ್ಮ ತಮ್ಮನ ಮಗಳಿಗೆ ಅಡ್ಡಬಂದಿತು. “ಇದು ನಮ್ಮದು, ಅದು ಅವರದು, ಇದು ಈ ದೇಶದ್ದು, ಆ ಕಾಲದ್ದು” ಎಂದು ಅಂಟಿಕೊಳ್ಳುವುದು ಎರಡನೆಯದು, ಅದು ಭಾವನವರನ್ನೂ ನೆರೆಮನೆಯ ಹಿರಿಯರನ್ನೂ ಹಿಡಿಯಿತು. ಸ್ವಂತದ ಸುಖದುಃಖಗಳಲ್ಲಿ ಮುಳುಗಿ ಮನಸ್ಸು ನಾಟಕಕ್ಕೆ ಒಗ್ಗದಿರುವುದು ಮೂರನೆಯದು. ಹೀಗೆ ಒಬ್ಬೊಬ್ಬರ ಅಭಿಪ್ರಾಯಕ್ಕೂ ಒಂದೊಂದು ಹೆಸರನ್ನು ಹಚ್ಚಿ, ನಾವು ನಮ್ಮಷ್ಟಕ್ಕೆ ತೃಪ್ತರಾಗಿ, ಮೂರನೆಯ ವಿಘ್ನವು ಮಾತ್ರ ಈ ಜಗಲಿಯಲ್ಲಿ ಯಾರಿಗೂ ಬಂದಿಲ್ಲವೆಂದು ನಕ್ಕೆವು.

ಆಗ ಅಡಿಗೆಮನೆಯ ಬಾಗಿಲಿನಿಂದ ಅಕ್ಕನು ಎದ್ದಳು. ಏಳುತ್ತ, ಯಾರ ಮುಖವನ್ನೂ ನೋಡದೆ, “ಅವಳ ಗಂಡ ಅವಳನ್ನು ಬಿಡಲಿಲ್ಲವಲ್ಲ” ಎಂದಳು. ಅಷ್ಟೇ ಹೇಳಿ ಒಳಗೆ ಹೋಗಿ ಪಾತ್ರೆಗಳನ್ನು ಕವುಚಿ ಹಾಕತೊಡಗಿದಳು.

ಜಗಲಿಯಲ್ಲಿ ಯಾರಿಗೂ ಆ ಮಾತಿನ ಅರ್ಥವಾಗಲಿಲ್ಲ. ನಮಗಾಯಿತು.

ಅದು 1974ರ ಮಳೆಗಾಲ. ನಮಗೆ ಹತ್ತು ವರ್ಷ, ಅಕ್ಕನಿಗೆ ಇಪ್ಪತ್ತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆರಿಗೆಯಾಗಿ ವಾರ ಕಳೆಯುವಷ್ಟರಲ್ಲಿ ಅವಳಿಗೆ ನಿದ್ದೆಯು ಬಿಟ್ಟುಹೋಯಿತು. ರಾತ್ರಿಯೆಲ್ಲ ಕುಳಿತು ಗೋಡೆಯೊಡನೆ ಮಾತನಾಡುವಳು, ಸ್ವರವು ಅವಳದಾಗಿರಲಿಲ್ಲ, ಮಗುವನ್ನು ಯಾರೋ ಬದಲಾಯಿಸಿದ್ದಾರೆಂದು ಕೂಗುವಳು. ಹಿರಿಯರು ಸೋಂಕು ಎಂದರು, ಬಾಧೆ ಎಂದರು. ದೂರದಿಂದ ಮಂತ್ರವಾದಿಯೊಬ್ಬನನ್ನು ಕರೆಸಿದರು. ಅವಳನ್ನು ಒಳಕೋಣೆಯ ಕಂಬಕ್ಕೆ ಕಟ್ಟಿದರು. ಒಣಮೆಣಸಿನ ಹೊಗೆ ಹಾಕಿದರು. ಆತನು ಬೆತ್ತವನ್ನು ಕೇಳಿದನು. ಅಟ್ಟದ ಮೇಲಿನಿಂದ ಅದನ್ನು ತಂದು ಅವನ ಕೈಗೆ ಕೊಟ್ಟವರು ನಾವೇ. ಮನೆಯಲ್ಲಿ ಆಗ ಓಡಾಡಿ ಕೆಲಸ ಮಾಡುವ ಹುಡುಗನೆಂದರೆ ನಾವೊಬ್ಬರೇ ಇದ್ದೆವು. ಕೊಟ್ಟು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ನೋಡಿದೆವು.

ಮೂರು ನಾಲ್ಕು ತಿಂಗಳಲ್ಲಿ ಅಕ್ಕನು ತಾನಾಗಿ ಸುಸ್ಥಿತಿಗೆ ಬಂದಳು. ಅಷ್ಟರಲ್ಲಿ ಮಗುವನ್ನು ಗಂಡನ ಮನೆಯವರು ಕೊಂಡೊಯ್ದಿದ್ದರು. ಇವಳನ್ನು ಕರೆಯಲು ಯಾರೂ ಬರಲಿಲ್ಲ. ಐವತ್ತು ವರ್ಷಗಳಾದವು. ದೊಡ್ಡಮ್ಮನು ತೀರಿದ ಮೇಲೆ ಅವಳು ನಮ್ಮ ಮನೆಯಲ್ಲಿಯೇ ಇದ್ದಾಳೆ. ಆ ಬೆತ್ತದ ಮಾತನ್ನು ಅವಳಾಗಲಿ ನಾವಾಗಲಿ ಒಂದು ದಿನವೂ ಎತ್ತಿದ್ದಿಲ್ಲ. ಈಗ ಇದನ್ನು ಬರೆಯುವುದಕ್ಕೆ ಮುಂಚೆ ಅವಳ ಅನುಮತಿಯನ್ನು ಕೇಳಿದೆವು. “ಹೆಸರು ಹಾಕಬೇಡ, ಉಳಿದದ್ದು ಬರೆ” ಎಂದಳು.

ಜನರೆಲ್ಲ ಹೊರಟ ಮೇಲೆ ಹಿಂದುಳಿದಿದ್ದ ಆಶಾ ಕಾರ್ಯಕರ್ತೆಗೆ ಇದನ್ನು ತಿಳಿಸಿದೆವು. ಅವಳು ಸ್ವಲ್ಪವೂ ಬೆಚ್ಚಲಿಲ್ಲ. “ಮಾಸ್ಟ್ರೇ, ಇದು ಬಾಣಂತಿಯರಿಗೆ ಬರುವ ಕಾಯಿಲೆ. ನಾವು ಹೆರಿಗೆಯಾದ ಮನೆಗೆ ಹೋದಾಗ ನಿದ್ದೆ ಬರುತ್ತದೋ ಎಂದು ಮೊದಲು ಕೇಳುವುದು ಇದಕ್ಕೇ” ಎಂದಳು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಸಾಮಾನ್ಯವಾಗಿ ಮೊದಲನೆಯ ಎರಡು ವಾರಗಳೊಳಗೆ, ಬಾಣಂತಿಯ ಮನಸ್ಸು ಹೀಗೆ ಕದಡುವುದುಂಟೆಂದೂ, ತಡಮಾಡದೆ ಚಿಕಿತ್ಸೆ ಮಾಡಿದರೆ ಬಹುಮಟ್ಟಿಗೆ ಪೂರ್ಣ ಗುಣವಾಗುವುದೆಂದೂ ಇಂದಿನ ವೈದ್ಯಶಾಸ್ತ್ರವು ಹೇಳುತ್ತದೆ. ಚಿತ್ರದ ಗಂಗೆಯ ವ್ಯಾಧಿ ಬೇರೆ, ಅಕ್ಕನದು ಬೇರೆ. ನಾಟಕ ಹೂಡಿ ಒಂದು ರಾತ್ರಿಯಲ್ಲಿ ಗುಣಪಡಿಸುವುದು ಚಿತ್ರಗಳಲ್ಲಿ ಮಾತ್ರ ಸಾಧ್ಯ. ನಿಜವಾದ ಚಿಕಿತ್ಸೆಗೆ ಔಷಧ ಬೇಕು, ವಾರಗಳು ಬೇಕು, ಮನೆಯವರ ತಾಳ್ಮೆ ಬೇಕು. ಇದನ್ನು ವಾಚಕರು ಮರೆಯಬಾರದು.

ಅದೇ 1974ನೆಯ ಡಿಸೆಂಬರಿನಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಎಂಬ ಸಂಸ್ಥೆಯಾಯಿತು. ಇನ್ನೂ ಹತ್ತಿರದಲ್ಲಿ ಮಂಗಳೂರಿನಲ್ಲಿ ಸರಕಾರಿ ವೆನ್‌ಲಾಕ್ ಆಸ್ಪತ್ರೆಯು ಆಗಲೇ ನೂರು ವರ್ಷ ಹಳೆಯದು. ನಮಗೆ ದಾರಿಯಿದ್ದಿತು, ದಾರಿಯನ್ನು ತೋರಿಸುವವರಿರಲಿಲ್ಲ. ನಿಮ್ಹಾನ್ಸಿನಲ್ಲಿ 2009ರಲ್ಲಿ ತಾಯಿಮಕ್ಕಳನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಶುಶ್ರೂಷೆ ಮಾಡುವ ವಿಭಾಗವೇ ಪ್ರಾರಂಭವಾಯಿತೆಂದು ತಿಳಿದಾಗ, ಅಕ್ಕನಿಗೆ ಅದನ್ನು ಓದಿಹೇಳುವ ಧೈರ್ಯವು ನಮಗೆ ಬರಲಿಲ್ಲ.

ಇನ್ನು ಭರತಮುನಿಯ ಮಾತಿಗೆ ಮರಳುವೆವು. ಭಯಾನಕವು ಯಾವುದರಿಂದ ಹುಟ್ಟುತ್ತದೆಂದು ಹೇಳುವಾಗ ಆತನು ಒಂದು ಪಟ್ಟಿಯನ್ನು ಕೊಡುತ್ತಾನೆ: ವಿಕಾರವಾದ ಧ್ವನಿಗಳು, ಪಿಶಾಚಾದಿಗಳ ದರ್ಶನ, ನರಿ ಗೂಗೆಗಳ ಕೂಗು, ಬರಿದಾದ ಮನೆ, ಕಾಡು, ಮತ್ತು ಸ್ವಜನರ ವಧೆಯನ್ನೋ ಬಂಧನವನ್ನೋ ಕಾಣುವುದು ಕೇಳುವುದು. ಇದನ್ನು ಎಷ್ಟು ಸಲ ಪಾಠ ಹೇಳಿದೆವೋ ಲೆಕ್ಕವಿಲ್ಲ. ಧ್ವನಿ, ಪಿಶಾಚಿ, ಶೂನ್ಯಗೃಹ ಎಂದಾಗ ಮಕ್ಕಳ ಕಣ್ಣು ಅರಳುತ್ತಿದ್ದವು. ಕಡೆಯದನ್ನು ನಾವು ಅವಸರದಿಂದ ದಾಟಿಹೋಗುತ್ತಿದ್ದೆವು. ಆ ರಾತ್ರಿ ಜಗಲಿಯಲ್ಲಿ ಆದದ್ದೂ ಅದೇ. ನಾವೆಲ್ಲರೂ ಪಟ್ಟಿಯ ಮೊದಲ ಪದಗಳನ್ನು ಕುರಿತು ವಾದಿಸಿದೆವು: ಸರ್ಪವು ಬೇಕಿತ್ತೋ ಬೇಡವೋ, ಮಲೆಯಾಳವು ಮೇಲೋ ಕನ್ನಡವು ಮೇಲೋ, ನಾಗವಲ್ಲಿಯು ದೈವವೋ ಪ್ರೇತವೋ. ಅಕ್ಕನೊಬ್ಬಳು ಕಡೆಯ ಪದವನ್ನು ಓದಿದಳು. ಅವಳಿಗೆ ಚಿತ್ರದಲ್ಲಿ ಭಯಂಕರವಾಗಿ ಕಂಡದ್ದು ನಾಗವಲ್ಲಿಯಲ್ಲ, ಗಂಗೆಯನ್ನು ಮುಂದೆ ಈ ಮನೆಯವರು ಏನು ಮಾಡುವರೋ ಎಂಬುದು. ಮನೆಯವರು ಅವಳನ್ನು ಕೈಬಿಡಲಿಲ್ಲವೆಂದು ಕಂಡೊಡನೆ ಅವಳ ಭಯವು ತೀರಿತು, ಎದ್ದು ಹೋದಳು.

ಅಭಿನವಗುಪ್ತನ ಲೆಕ್ಕದಲ್ಲಿ ಇದು ವಿಘ್ನವೇ ಇರಬಹುದು. ಸ್ವಂತದ ದುಃಖವನ್ನು ಬಿಟ್ಟು ನೋಡಲಾರದವರು ರಸಾಸ್ವಾದಕ್ಕೆ ಹೊರಗೆಂದು ಆಚಾರ್ಯನು ಹೇಳಲಿ; ಆತನ ಶಾಸ್ತ್ರಕ್ಕೆ ನಾವು ಎದುರಾಡುವವರಲ್ಲ. ಆದರೆ ಏಳು ಜನರಿದ್ದ ಆ ಸಭೆಯಲ್ಲಿ ಗಂಗೆಯೆಂಬ ಹೆಣ್ಣೊಬ್ಬಳು ಅಲ್ಲಿದ್ದಾಳೆಂಬುದನ್ನು ಕಂಡವಳು ಅಕ್ಕ ಮಾತ್ರ. ಚಿತ್ರವು ಬಂದು ಇಪ್ಪತ್ತು ವರ್ಷ ಕಳೆದರೂ ಜನರು ಅದನ್ನು ಮತ್ತೆ ಮತ್ತೆ ನೋಡುವುದೇಕೆಂಬ ಪ್ರಶ್ನೆಗೆ ನಮಗೆ ಸಿಕ್ಕಿದ ಉತ್ತರವೂ ಇದೇ. ಅದು ಭೂತದ ಕಥೆಯೋ ವ್ಯಾಧಿಯ ಕಥೆಯೋ ಎಂಬ ವಾದವು ತೀರುವುದಿಲ್ಲ. ಆದರೆ ಮಂತ್ರಜ್ಞನು ವೈದ್ಯನ ಮಾತನ್ನು ಕೇಳುತ್ತಾನೆ, ಗೆಳೆಯನು ಪ್ರಾಣವನ್ನು ಪಣವಾಗಿಡುತ್ತಾನೆ, ಗಂಡನು ಕಾಯುತ್ತಾನೆ. ಹಗ್ಗವನ್ನು ಕಂಡು ಹಾವೆಂದು ನಡುಗಿದವನಿಗೆ ಹಾವು ಸುಳ್ಳು, ನಡುಕವು ಸುಳ್ಳಲ್ಲ; ಆ ನಡುಕವಿರುವವರೆಗೆ ಅವನ ಕೈಹಿಡಿದಿರಬೇಕೆಂದು ಈ ಚಿತ್ರವು ಹೇಳುತ್ತದೆ. ಅದಕ್ಕಾಗಿ ಸರ್ಪದ ತಪ್ಪನ್ನು ಕ್ಷಮಿಸಲು ನಾವು ಸಿದ್ಧರಿದ್ದೇವೆ.

ಗೃಹಸ್ಥರಾದ ವಾಚಕರಲ್ಲಿ ಒಂದು ಅರಿಕೆ. ಈಗ ಕಾಲವು ಬದಲಾಗಿದೆ. 2017ನೆಯ ಮಾನಸಿಕ ಆರೋಗ್ಯ ಶುಶ್ರೂಷೆಯ ಕಾಯಿದೆಯು 2018ನೆಯ ಮೇ ತಿಂಗಳಿನಿಂದ ಜಾರಿಯಲ್ಲಿದ್ದು, ಸರಕಾರದ ನೆರವಿನಿಂದ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕನ್ನಾಗಿ ಮಾಡಿದೆ. ಮನೋರೋಗಿಗೆ ಸಂಕೋಲೆ ಹಾಕುವುದನ್ನು ನಿಷೇಧಿಸಿದೆ. ಭೂತ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಕರ್ನಾಟಕದ 2017ನೆಯ ವಾಮಾಚಾರ ತಡೆಯ ಕಾಯಿದೆಯಂತೆ ಅಪರಾಧ. ಕೇಂದ್ರ ಸರಕಾರವು 2022ನೆಯ ಅಕ್ಟೋಬರಿನಲ್ಲಿ ಪ್ರಾರಂಭಿಸಿದ ಟೆಲಿ ಮಾನಸ್ ಎಂಬ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಗಲೂ ರಾತ್ರಿಯೂ ಖರ್ಚಿಲ್ಲದೆ ಕನ್ನಡದಲ್ಲಿಯೇ ಸಲಹೆ ದೊರೆಯುವುದು. ಮನೆಯ ದೈವಕ್ಕೆ ಹೂನೀರಿಡುವವರು ಇಡಲಿ; ದೇವರಿಗೆ ಹರಕೆ ಹೊರುವವರು ಹೊರಲಿ; ಅದು ಅವರವರ ನಂಬಿಕೆ. ಆದರೆ ಮನೆಯ ಸೊಸೆಯೋ ಮಗಳೋ ನಿದ್ದೆಗೆಟ್ಟು, ತನ್ನದಲ್ಲದ ಸ್ವರದಲ್ಲಿ ಮಾತನಾಡಿದ ದಿನ, ಮೊದಲು ವೈದ್ಯರಿಗೆ ತಿಳಿಸಿರಿ. ಅವಳ ಮಗುವನ್ನು ಅವಳಿಂದ ಶಾಶ್ವತವಾಗಿ ಅಗಲಿಸಬೇಡಿರಿ. ಬೆತ್ತವನ್ನು ತರಲು ಯಾವ ಹುಡುಗನನ್ನೂ ಅಟ್ಟಕ್ಕೆ ಹತ್ತಿಸಬೇಡಿರಿ. ಹತ್ತು ವರ್ಷದಲ್ಲಿ ತಂದುಕೊಟ್ಟದ್ದನ್ನು ಅವನು ಅರುವತ್ತು ವರ್ಷವಾದರೂ ಕೆಳಗಿಡಲಾರನು.